ದಂತವೈದ್ಯಶಾಲೆಯ ಸೂಜಿಗೆ ತಕ್ಕ ಕ್ರಿಯಾಪದ

ಮಣಿಪಾಲದಲ್ಲಿ 1965ರಲ್ಲಿ ದಂತವೈದ್ಯ ಕಾಲೇಜು ಸ್ಥಾಪಿತವಾದ ಬಳಿಕ ಕರಾವಳಿಯಲ್ಲಿ ಈ ವಿದ್ಯೆಯು ಚೆನ್ನಾಗಿ ಬೇರೂರಿದೆ. ವೈದ್ಯರು ಇಂಗ್ಲಿಷಿನಲ್ಲಿ ಕಲಿತವರು. ಉಪಕರಣಗಳನ್ನು ತೊಳೆದು ಜೋಡಿಸುವ ಸಹಾಯಕರಲ್ಲಿ ಬಹುಮಂದಿಗೆ ಮಾತ್ರ ಎಚ್ಚರಿಕೆಯ ಮಾತು ಕನ್ನಡದಲ್ಲಿಯೇ ಮುಟ್ಟಬೇಕಾಗಿದೆ. ಆ ಕನ್ನಡವನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಅನುಚಿತವಾಗದು.

‘ಸೂಜಿ ಚುಚ್ಚಿಕೊಂಡರೆ’ ಎಂಬುದು ಇಂಥ ಬರಹಗಳ ರೂಢಿಯ ಪ್ರಯೋಗ. ‘ಸೂಜಿ ಚುಚ್ಚಿಸಿಕೊಳ್ಳುವುದು’ ಎಂದರೆ ಚಿಕಿತ್ಸೆ. ಒಂದೇ ಅಕ್ಷರದ ಅಂತರದಲ್ಲಿ ಅದು ಅಪಘಾತವಾಗುತ್ತದೆ. ಇದಕ್ಕಿಂತ ದೊಡ್ಡ ದೋಷವು ‘ಕೊಳ್ಳು’ ಎಂಬುದರಲ್ಲಿದೆ. ‘ಕಾಲು ಮುರಿದುಕೊಂಡನು’ ಎಂಬಲ್ಲಿ ಇಚ್ಛೆಯಿಲ್ಲ, ನಿಜ. ಆದರೂ ಅಜಾಗರೂಕತೆಯ ಛಾಯೆ ಇದ್ದೇ ಇದೆ. ತಪ್ಪು ತನ್ನದೆಂದು ಭಾವಿಸಿದವನು ಬಾಯಿ ಬಿಡುವನೆ?

ವಸ್ತುಸ್ಥಿತಿಯು ಬೇರೆ. ಮರಗಟ್ಟಿಸುವ ಮದ್ದನ್ನು ಒಬ್ಬನೇ ರೋಗಿಗೆ ಮತ್ತೊಮ್ಮೆ ಕೊಡಬೇಕಾಗಿ ಬರುವುದರಿಂದ ನಡುವೆ ಸೂಜಿಗೆ ಮುಚ್ಚಳ ಹಾಕುವುದುಂಟು. ಎರಡು ಕೈಗಳಿಂದ ಹಾಕುವಾಗಲೇ ಅಪಾಯ. ಮುಚ್ಚಳವನ್ನು ತಟ್ಟೆಯಲ್ಲಿಟ್ಟು ಒಂದೇ ಕೈಯಿಂದ ಸೂಜಿಗೇರಿಸುವುದು ಸುರಕ್ಷಿತ ಕ್ರಮ. ಬಳಸಿದ ಸೂಜಿಯು ತೂತಾಗದ ಬಿಳಿಯ ಡಬ್ಬಿಗೆ ಹೋಗಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ವಿಧಿಸಿವೆ. ಡಬ್ಬಿಯು ಕೈಯಳತೆಯಲ್ಲಿಲ್ಲದಿದ್ದರೆ ಅದು ಸಹಾಯಕನ ಅಪರಾಧವೆ?

ಮೌನಕ್ಕೆ ತೆರಬೇಕಾದ ಬೆಲೆ ಅಲ್ಪವಲ್ಲ. ರೋಗಿಯಲ್ಲಿ ಎಚ್.ಐ.ವಿ. ಇದ್ದರೆ ಇಂಥ ಒಂದು ಗಾಯದಿಂದ ಸೋಂಕು ತಗಲುವ ಸಂಭವವು ಶೇಕಡ ಸುಮಾರು 0.3, ಹೆಪಟೈಟಿಸ್ ಬಿ ಇದ್ದರೆ ಲಸಿಕೆಯಿಲ್ಲದವರಲ್ಲಿ 6ರಿಂದ 30. ಎಚ್.ಐ.ವಿ. ತಡೆಯುವ ಔಷಧವನ್ನು ಆದಷ್ಟು ಬೇಗನೆ, ತಡವಾದರೂ 72 ಗಂಟೆಗಳೊಳಗಾಗಿ ಆರಂಭಿಸಬೇಕು.

‘ಹರಿತವಾದ ವಸ್ತುಗಳು’ ಎಂಬ ಅನುವಾದವೂ ಅಪೂರ್ಣ. ಹರಿತವು ಅಲಗಿನ ಗುಣ. ಸೂಜಿಗೂ ಹಲ್ಲು ಪರೀಕ್ಷಿಸುವ ಕೊಕ್ಕೆಗೂ ತಂತಿಯ ತುದಿಗೂ ಇರುವುದು ಮೊನೆ.

ಬೆಳ್ತಂಗಡಿ ತಾಲ್ಲೂಕಿನ ನಾರಾವಿಯಂಥ ಊರಿನಲ್ಲಿ ಮನೆಮಾತು ಹೆಚ್ಚಾಗಿ ತುಳು, ಶಾಲೆಯ ಮಾತು ಕನ್ನಡ. ಈ ಸೀಮೆಯವರು ‘ಕೈಗೆ ಕತ್ತಿ ತಾಗಿತು’ ಎನ್ನುತ್ತಾರೆ. ಇಲ್ಲಿ ಕರ್ತೃವು ಕತ್ತಿಯೇ ಹೊರತು ಮನುಷ್ಯನಲ್ಲ. ಅಲಗು, ಮೊನೆ ಎರಡಕ್ಕೂ ಈ ಕ್ರಿಯಾಪದ ಸಲ್ಲುತ್ತದೆ. ‘ಸೂಜಿಯಾಗಲಿ ಮೊನೆಯುಳ್ಳ ಬೇರೆ ಉಪಕರಣವಾಗಲಿ ಕೈಗೆ ತಾಗಿ ಗಾಯವಾದರೆ ಹಿಂಡದೆ ಸಾಬೂನುನೀರಿನಿಂದ ತೊಳೆದು ಒಡನೆ ವೈದ್ಯರಿಗೆ ತಿಳಿಸತಕ್ಕದ್ದು’ ಎಂದು ಬರೆದರೆ ಯಾರಿಗೂ ಕಳಂಕವಿಲ್ಲ. ಮೈಸೂರು ಕಡೆಯವರಿಗೆ ‘ತಾಗು’ ಬರಿಯ ಸ್ಪರ್ಶವೆನಿಸೀತು. ಅವರಿಗೆ ಮುಳ್ಳಿನ ‘ನಾಟು’ ಒಪ್ಪಬಹುದು, ನಾಟಿದ್ದು ಒಳಗೇ ಉಳಿಯಿತೆಂಬ ಅರ್ಥವು ಅಲ್ಲಿ ಸ್ವಲ್ಪ ಇಣಿಕಿದರೂ.