ಕಿರುಸೇತುವೆಗೆ ಮಲೆನಾಡಿನ ಮಳೆ

ಮಾದರಿ ರೈಲುಗಳ ಹವ್ಯಾಸವನ್ನು ಕುರಿತು ಇಂಗ್ಲೆಂಡಿನಲ್ಲಿ ಅಚ್ಚಾಗಿ ನಮ್ಮ ಕೈಗೆ ಬಂದಿರುವ ಕೈಪಿಡಿಗಳಲ್ಲಿ, ಕಲ್ಲಿನ ಕಮಾನುಸೇತುವೆಗೆ ಹಳಮೆಯ ಬಣ್ಣವನ್ನು ಕೂಡಿಸುವ ಅಧ್ಯಾಯವು ಬಹುಮಟ್ಟಿಗೆ ಕಪ್ಪಿನಿಂದಲೇ ಪ್ರಾರಂಭವಾಗುತ್ತದೆ. ಅವರ ಮಟ್ಟಿಗೆ ಅದು ಯುಕ್ತವೇ ಸರಿ. ಗಿರಣಿಯ ಚಿಮಣಿ, ಮನೆಯ ಅಗ್ಗಿಷ್ಟಿಕೆ, ರೈಲಿನ ಎಂಜಿನು, ಈ ಮೂರೂ ತಲೆಮಾರುಗಳ ಕಾಲ ಒಟ್ಟಾಗಿ ಉಗುಳಿದ ಕಲ್ಲಿದ್ದಲ ಮಸಿಯು ಉತ್ತರ ಇಂಗ್ಲೆಂಡಿನ ಸೇತುವೆಗಳನ್ನು ನೆತ್ತಿಯಿಂದ ಬುಡದವರೆಗೆ ಕವಿದಿದ್ದುದನ್ನು ಕಣ್ಣಾರೆ ಕಂಡವರು ಆ ಪುಸ್ತಕಗಳನ್ನು ಬರೆದಿದ್ದಾರೆ. ಅದೇ ವಿಧಿಯನ್ನು ಕೊಪ್ಪದಲ್ಲಿ ಕುಳಿತು ಚಾಚೂ ತಪ್ಪದೆ ಅನುಸರಿಸಿದರೆ ಮೇಜಿನ ಮೇಲೆ ಎದ್ದು ನಿಲ್ಲುವುದು ಯಾರ್ಕ್‌ಶೈರಿನ ಸೇತುವೆಯೇ ಹೊರತು ಮಲೆನಾಡಿನದಾಗಲಾರದು. ನಮ್ಮ ಕಲ್ಲುಗಳ ಮೇಲೂ ಕಪ್ಪುಂಟು, ಹೇರಳವಾಗಿಯೇ ಉಂಟು. ಆದರೆ ಅದು ಹೊಗೆ ತಂದ ಕಪ್ಪಲ್ಲ, ನೀರು ತಂದ ಕಪ್ಪು. ಮಳೆಗಾಲದಲ್ಲಿ ಹಸಿರಾಗಿ ಜೀವಿಸಿ ಬೇಸಗೆಯಲ್ಲಿ ಒಣಗಿ ಕರಿಯ ಪೊರೆಯಾಗಿ ಕಲ್ಲಿಗೆ ಅಂಟಿಕೊಂಡ ಹಾವಸೆ. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ, ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ 7,000 ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುತ್ತದೆ. ಇಷ್ಟು ನೀರು ಬೀಳುವ ನಾಡಿನಲ್ಲಿ ಸೇತುವೆಯನ್ನು ಹಳತಾಗಿಸುವ ವಿದ್ಯೆಯು ನೀರಿನ ಹಾದಿಯನ್ನು ಬಲ್ಲ ವಿದ್ಯೆಯಾಗಿರಬೇಕು ಎಂಬುದೇ ಈ ವಾರ ನಾನು ಓದುಗರ ಮುಂದೆ ಇಡಬಯಸುವ ಮಾತು.

ಕೊಪ್ಪ ಶೃಂಗೇರಿಗಳಿಗೆ ರೈಲು ಬರಲಿಲ್ಲ. ಆದರೆ ನೆರೆಯ ನರಸಿಂಹರಾಜಪುರಕ್ಕೆ ಬಂದಿತ್ತು. ಎದೆಹಳ್ಳಿ ಎಂಬ ಹಳೆಯ ಹೆಸರನ್ನು ಬಿಟ್ಟು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ತಾಳಿದ ಆ ಊರಿಗೂ ತರೀಕೆರೆಗೂ ನಡುವೆ, ಮೈಸೂರು ಸಂಸ್ಥಾನದ ಕಾಲದಲ್ಲಿ, ಎರಡೇ ಅಡಿ ಅಗಲದ ಹಳಿಯ ಮೇಲೆ ಒಂದು ಲಘುರೈಲು ಓಡಾಡುತ್ತಿತ್ತು. ಆ ಹಳಿಯು ನರಸಿಂಹರಾಜಪುರದಲ್ಲಿಯೇ ನಿಂತುಬಿಡದೆ ಕೊಪ್ಪವನ್ನು ಹಾದು, ಹರಿಹರಪುರದ ಬಳಿ ತುಂಗೆಯನ್ನು ದಾಟಿ, ಶೃಂಗೇರಿಯನ್ನು ಮುಟ್ಟಿದ್ದರೆ ಹೇಗಿರುತ್ತಿತ್ತು ಎಂಬ ಕಲ್ಪನೆಯೇ ನನ್ನ ಮಾದರಿಗೆ ಆಧಾರ. ಸೇತುವೆಯ ಆಕಾರವನ್ನು ಮಾತ್ರ ಕ್ಯಾಸಲ್‌ರಾಕಿನಿಂದ ಇಳಿಯುವ ಘಟ್ಟದ ದಾರಿಯಲ್ಲಿ ದೂಧ್‌ಸಾಗರದ ಜಲಪಾತದೆದುರು ಬಳಸಿ ಹೋಗುವ ಕಲ್ಲಿನ ಕಮಾನುಗಳಿಂದ ಎರವಲು ತಂದಿದ್ದೇನೆ. ಅಡಿಗೆ ನಾಲ್ಕು ಮಿಲಿಮೀಟರಿನ ಪ್ರಮಾಣ, ಅಂದರೆ 1:76. ಹಳಿಯ ಅಗಲ ಒಂಬತ್ತು ಮಿಲಿಮೀಟರ್. ಕಿರುಹಳಿಯ ರೈಲುಗಳನ್ನು ರಚಿಸುವವರು ಬಳಸುವ ಅಳತೆಗಳಲ್ಲಿ ಇದೂ ಒಂದು. ದಾರಿ ಕಲ್ಪಿತವಾದರೂ ಅದರ ಮೇಲೆ ಬೀಳುವ ಮಳೆ ಕಲ್ಪಿತವಾಗಕೂಡದು.

ಆ ಮಳೆಗೆ ದಿಕ್ಕುಂಟು. ಮುಂಗಾರು ನೈಋತ್ಯದಿಂದ ಗಾಳಿಯನ್ನು ಕೂಡಿಕೊಂಡು ಬರುವುದರಿಂದ ನೀರು ಮೇಲಿನಿಂದ ಬೀಳುವುದಕ್ಕಿಂತ ಹೆಚ್ಚಾಗಿ ಪಕ್ಕದಿಂದ ಅಪ್ಪಳಿಸುತ್ತದೆ. ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ಅಡಕೆಯ ಸೋಗೆಯ ತಟ್ಟಿಯನ್ನು ಕಟ್ಟುವ ಮಲೆನಾಡಿನ ಗೃಹಸ್ಥರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದಕಾರಣ ಸೇತುವೆಯ ನಾಲ್ಕು ಮೈಗಳಿಗೂ ಒಂದೇ ಬಣ್ಣವನ್ನು ಬಳಿಯುವುದು ಪ್ರಕೃತಿಗೆ ವಿರುದ್ಧವಾದ ಕಾರ್ಯ. ಪಡುವಣ ಮುಖವು ಮಳೆಯ ಹೊಡೆತದಿಂದ ತೊಳೆದು, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿರುತ್ತದೆ. ಬಡಗಣ ಮುಖಕ್ಕೆ ಮಳೆಗಾಲ ಕಳೆದ ಮೇಲೂ ಬಿಸಿಲು ಓರೆಯಾಗಿಯೂ ತಾಗದೆ ಹೋಗುವುದರಿಂದ ಅಲ್ಲಿ ಹಸಿರು ಬಹುಕಾಲ ಉಳಿಯುತ್ತದೆ. ತೆಂಕಣ ಮುಖದಲ್ಲಿ ಅದೇ ಹಾವಸೆ ಬೇಗ ಒಣಗಿ ಕಪ್ಪುಗಟ್ಟುತ್ತದೆ. ಮೂಡಣ ಮುಖವು ಎಲ್ಲಕ್ಕಿಂತ ತಿಳಿ. ಮಾದರಿಯ ಹಲಗೆಯ ಮೇಲೆ ಮೊದಲು ಪೆನ್ಸಿಲಿನಿಂದ ಉತ್ತರದಿಕ್ಕನ್ನು ಗುರುತಿಸಿಕೊಳ್ಳದೆ ಕುಂಚವನ್ನು ನೀರಿಗೆ ಅದ್ದತಕ್ಕದ್ದಲ್ಲ ಎಂದು ನಾನು ಒತ್ತಿ ಹೇಳುವುದು ಈ ಕಾರಣದಿಂದ.

ದಿಕ್ಕಿನಷ್ಟೇ ಮುಖ್ಯವಾದದ್ದು ಮಾಸ. ಕೈಪಿಡಿಗಳು ಈ ಪ್ರಶ್ನೆಯನ್ನು ಎತ್ತುವುದು ವಿರಳ. ನಮ್ಮಲ್ಲಾದರೋ ಇದನ್ನು ಬಿಟ್ಟು ಮುಂದೆ ಹೋಗುವಂತೆಯೇ ಇಲ್ಲ. ಆರಿದ್ರೆಯ ಮಳೆ ಹಿಡಿದ ಹೊಸತರಲ್ಲಿ ಕಲ್ಲು ನೆನೆದು ಕರಿದಾಗಿರುತ್ತದೆಯೇ ವಿನಾ ಹಸಿರು ಇನ್ನೂ ಏರಿರುವುದಿಲ್ಲ. ಪುನರ್ವಸು ಪುಷ್ಯಗಳು ಸುರಿದು ಆಶ್ಲೇಷೆಯ ಹೊತ್ತಿಗೆ ಸಂದುಸಂದಿನಲ್ಲಿ ಪಾಚಿಯು ಉಬ್ಬಿ, ಗಾರೆ ಕಳಚಿದಲ್ಲೆಲ್ಲ ಜರಿಗಿಡಗಳು ಹಸ್ತ ಚಾಚಿ, ಸೇತುವೆಯು ಕಾಡಿನದೇ ಒಂದು ಅಂಗವೆಂಬಂತಾಗುತ್ತದೆ. ಸ್ವಾತಿ ವಿಶಾಖೆಗಳು ಕಳೆದು ಚಳಿ ಬಿದ್ದಾಗ ಆ ಹಸಿರಿನ ಅಂಚು ಹಳದಿಗೆ ತಿರುಗುತ್ತದೆ. ಶಿವರಾತ್ರಿಯ ವೇಳೆಗೆ ಪಾಚಿ ಕಂದಾಗಿ, ಹಾವಸೆ ಕಪ್ಪಾಗಿ, ಅವುಗಳ ನಡುವೆ ಮಳೆಗಾಲದುದ್ದಕ್ಕೂ ಕಣ್ಣಿಗೆ ಬೀಳದೆ ಇದ್ದ ಕಲ್ಲುಹೂವಿನ ಬೂದುಬಿಳುಪಿನ ಚಕ್ರಗಳು ಸ್ಪಷ್ಟವಾಗಿ ಎದ್ದು ತೋರುತ್ತವೆ. ಕಮಾನುಗಳಿಗೆ ಆಶ್ಲೇಷೆಯ ಹಸಿರನ್ನು ಹಚ್ಚಿ ಕೆಳಗಿನ ಹೊಳೆಯಲ್ಲಿ ಚೈತ್ರದ ಮರಳುದಿಬ್ಬವನ್ನು ತೋರಿಸುವುದು, ಅಥವಾ ಒಣಕಪ್ಪಿನ ಕಂಬಗಳ ಪಕ್ಕದಲ್ಲಿ ನಾಟಿಗೆ ಸಿದ್ಧವಾದ ಗದ್ದೆಯನ್ನು ಇರಿಸುವುದು, ನುರಿತ ಕೈಗಳಲ್ಲಿಯೂ ಕಾಣಬರುವ ದೋಷ. ಒಂದು ಮಾದರಿಗೆ ಒಂದೇ ತಿಂಗಳು. ನನ್ನ ಆಯ್ಕೆ ಕಾರ್ತಿಕದ ಕೊನೆ, ಮಾರ್ಗಶಿರದ ಮೊದಲು. ಹಸಿರು ಕಪ್ಪುಗಳೆರಡೂ ಕಲ್ಲಿನ ಮೇಲೆ ಒಟ್ಟಿಗಿರುವ ಅಲ್ಪಕಾಲ ಅದು.

ಇನ್ನು ಕಲ್ಲಿನ ಜಾತಿ. ಕಣಶಿಲೆಯು ಒಳಗೆ ನೀರನ್ನು ಬಿಟ್ಟುಕೊಳ್ಳದ ಕಾರಣ ಅದರ ಮೇಲೆ ಹಾವಸೆಯು ಸಂದುಗಳಲ್ಲಿಯೂ ಮೊನೆಗಳ ಕೆಳಗೂ ಮಾತ್ರ ನೆಲೆಸುತ್ತದೆ. ಜಂಬಿಟ್ಟಿಗೆಯು ಹಾಗಲ್ಲ, ಕಡಿದಾಗ ಮೆತ್ತಗೆ ಕೆಂಪು ಹಳದಿ ಬೆರೆತಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗಿ, ತನ್ನ ರಂಧ್ರಗಳಲ್ಲೆಲ್ಲ ನೀರನ್ನು ಹಿಡಿದಿಟ್ಟುಕೊಂಡು, ಮೈಯೆಲ್ಲ ಹಸಿರನ್ನು ಹೊರುತ್ತದೆ. ಕಂಬಗಳನ್ನು ಕಣಶಿಲೆಯಿಂದಲೂ ಕಮಾನುಗಳ ನಡುವಣ ಗೋಡೆಯನ್ನು ಜಂಬಿಟ್ಟಿಗೆಯಿಂದಲೂ ಕಟ್ಟಿದಂತೆ ತೋರಿಸಿದಲ್ಲಿ ಎರಡು ಬಗೆಯ ಜೀರ್ಣತೆಯೂ ಒಂದೇ ಮಾದರಿಯಲ್ಲಿ ದೊರೆಯುತ್ತದೆ.

ಈಗ ಒಂದೇ ಒಂದು ಕಮಾನಿನ ಒಳಮೈಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಸೇತುವೆಯ ಸತ್ಯಾಸತ್ಯಗಳು ಅಲ್ಲಿಯೇ ತೀರ್ಮಾನವಾಗುತ್ತವೆ. ಹಳಿಯ ಕೆಳಗಿನ ಜಲ್ಲಿಯ ಮೇಲೆ ಬಿದ್ದ ಮಳೆನೀರು ಒಳಗೆ ತುಂಬಿದ ಮಣ್ಣು ಕಲ್ಲುಗಳ ನಡುವೆ ಇಳಿದು, ಬಸಿದುಹೋಗಲೆಂದು ಬಿಟ್ಟ ಗಂಡಿಗಳು ಕಟ್ಟಿಕೊಂಡಿದ್ದರೆ, ಕಮಾನಿನ ಸಂದುಗಳನ್ನೇ ದಾರಿಮಾಡಿಕೊಳ್ಳುತ್ತದೆ. ಇಂಗಾಲಾಮ್ಲವನ್ನು ಹೊತ್ತ ಆ ನೀರು ಸುಣ್ಣದ ಗಾರೆಯನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಂಡು, ಹೊರಗಿನ ಗಾಳಿಗೆ ಬಂದೊಡನೆ ಅದನ್ನು ಕಲ್ಲಿನ ಮೇಲೆ ಬಿಳಿಯ ಗಟ್ಟಿಪದರವಾಗಿ ಇಳಿಸಿ ಹೋಗುತ್ತದೆ. ಈ ಬಿಳುಪು ಸಂದಿನಲ್ಲಿ ಹುಟ್ಟಬೇಕು. ಹುಟ್ಟಿದಲ್ಲಿ ದಟ್ಟವಾಗಿ, ಕಮಾನಿನ ಬಾಗಿಗೆ ಅನುಸಾರವಾಗಿ ಇಳಿಯುತ್ತ ತೆಳುವಾಗಿ, ಕಮಾನು ಕಂಬವನ್ನು ಸೇರುವ ಕಲ್ಲಿನ ಪಟ್ಟಿಯ ಮೇಲೆ ತಡೆದು ಅಡ್ಡಲಾಗಿ ಹರಡಿ, ಅಲ್ಲಿಂದ ಮತ್ತೆ ಒಂದೆರಡು ಕಡೆ ಮಾತ್ರ ಕಂಬದ ಮೇಲೆ ಜಾರಬೇಕು. ಕಮಾನಿನ ನಡುಗಲ್ಲಿನ ಬಳಿ, ಇಳಿಯಲು ಓಟವಿಲ್ಲದ ಕಾರಣ, ನೀರು ತೊಟ್ಟಿಕ್ಕಿ ಸುಣ್ಣದ ಸಣ್ಣ ಮೊಲೆಗಳಾಗುತ್ತವೆ. ಇವುಗಳನ್ನು ಬಿಳಿಯ ಗೋಂದಿನ ಒಂದೊಂದು ಹನಿಯಿಂದ ಮಾಡಬಹುದು. ಬಣ್ಣ ಶುದ್ಧ ಬಿಳಿಯಾಗಕೂಡದು. ತಿಳಿಹಳದಿ ಮಣ್ಣಿನ ಬಣ್ಣವನ್ನು ಅದಕ್ಕೆ ಸೇರಿಸತಕ್ಕದ್ದು. ಎಲ್ಲ ಕಮಾನುಗಳಲ್ಲಿಯೂ ಇಂತಹ ಸೋರಿಕೆಯನ್ನು ತೋರಿಸುವ ಚಾಪಲ್ಯವನ್ನು ಜಯಿಸಬೇಕು. ಸೋರುವ ಕಮಾನು ಯಾವುದು, ಅದರ ಮೇಲಿನ ಗಂಡಿ ಏಕೆ ಕಟ್ಟಿತು ಎಂಬುದಕ್ಕೆ ಉತ್ತರವಿದ್ದಲ್ಲಿ ಮಾತ್ರ ಕುಂಚ ಅಲ್ಲಿಗೆ ಹೋಗಲಿ.

ನದಿಯ ನಡುವಣ ಕಂಬಗಳಿಗೆ ಇನ್ನೊಂದು ಲಕ್ಷಣವುಂಟು. ಕೆಮ್ಮಣ್ಣನ್ನು ಹೊತ್ತು ಏರಿದ ತುಂಗೆಯು ಪ್ರವಾಹವಿಳಿದ ಮೇಲೆ ತಾನೇರಿದ ಮಟ್ಟವನ್ನು ಕಂಬದ ಮೇಲೆ ಕೆಂಗಂದು ಪಟ್ಟಿಯಾಗಿ ಬಿಟ್ಟಿರುತ್ತದೆ. ಈ ಪಟ್ಟಿಯ ಮೇಲಂಚು ಎಲ್ಲ ಕಂಬಗಳಲ್ಲಿಯೂ ಒಂದೇ ಮಟ್ಟದಲ್ಲಿರತಕ್ಕದ್ದು. ನೆಲ ಏರುತಗ್ಗಾದರೂ ನೀರಿನ ಮಟ್ಟ ಒಂದೇ. ಹರಿವನ್ನು ಎದುರಿಸುವ ಮೂತಿಯಲ್ಲಿ ಮಣ್ಣು ತೊಳೆದುಹೋಗಿ, ಹಿಂಬದಿಯ ಮಡುವಿನಲ್ಲಿ ದಪ್ಪವಾಗಿ ಕೂತಿರುತ್ತದೆ. ಮಾದರಿಗೆ ಇದಕ್ಕಿಂತ ಒಳ್ಳೆಯ ಬಣ್ಣ ಅಂಗಡಿಯಲ್ಲಿ ದೊರೆಯದು: ರಸ್ತೆಯ ಬದಿಯ ಕೆಮ್ಮಣ್ಣನ್ನು ಒಣಗಿಸಿ, ಅರೆದು, ಧೋತ್ರದ ಬಟ್ಟೆಯಲ್ಲಿ ಸೋಸಿದರೆ ಸಾಕು. ಅಡಕೆಯ ತೋಟಕ್ಕೆ ತಾಗಿದ ಕಂಬವಾದರೆ ಅದರ ಬುಡದಲ್ಲಿ ನೀಲಿಯ ಕೆಲವು ಮಬ್ಬು ಚುಕ್ಕೆಗಳೂ ಇರಬಹುದು. ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ನರು ಕೊಳೆರೋಗಕ್ಕೆ ಪರಿಹಾರವಾಗಿ ಬಳಕೆಗೆ ತಂದ ಬೋರ್ಡೋ ದ್ರಾವಣದ ಮೈಲುತುತ್ತವೂ ಸುಣ್ಣವೂ ಮಲೆನಾಡಿನ ಎಷ್ಟೋ ಗೋಡೆಗಳ ಮೇಲೆ ಹಾಗೆ ಗುರುತು ಬಿಟ್ಟಿವೆ. ಜಗತ್ತಿನ ಬೇರೆ ಸೇತುವೆಗಳಿಂದ ನಮ್ಮದನ್ನು ಬೇರ್ಪಡಿಸುವ ಇಂತಹ ಅಲ್ಪಲಕ್ಷಣಗಳಲ್ಲಿ ನನಗೆ ಬಹಳ ಪ್ರೀತಿ.

ಕಿರಿದಾಗಿಸುವಾಗ ಪ್ರಮಾಣವು ಒಡ್ಡುವ ಕಟ್ಟಳೆಗಳನ್ನು ಮರೆಯಲಾಗದು. ಒಂದು ಅಂಗುಲ ದಪ್ಪದ ಪಾಚಿಯು 1:76ರಲ್ಲಿ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲು ಮಾತ್ರ. ಆದ್ದರಿಂದ ಹಸಿರು ಮರದಪುಡಿಯನ್ನು ಅಂಟಿಸಿ ಪಾಚಿಯೆಂದು ಕರೆದರೆ ಅದು ಪಾಚಿಯಾಗದೆ ಪೊದೆಯಾಗುತ್ತದೆ. ಪಾಚಿಯನ್ನು ಬಣ್ಣದಿಂದಲೇ ಬರೆಯಬೇಕು, ಜರಿಗಿಡಕ್ಕೆ ಮಾತ್ರ ಪುಡಿ. ಮಾದರಿಯನ್ನು ಎರಡಡಿ ದೂರದಿಂದ ನೋಡುವುದೆಂದರೆ ನಿಜವಾದ ಸೇತುವೆಯನ್ನು 152 ಅಡಿಗಳಾಚೆಯಿಂದ ನೋಡಿದಂತೆ. ಅಷ್ಟು ದೂರದಲ್ಲಿ ನಡುವಣ ಗಾಳಿ ಬೆಳಕುಗಳಿಂದ ಎಲ್ಲ ಬಣ್ಣವೂ ಒಂದು ಛಾಯೆ ಮಾಸುವ ಕಾರಣ, ಸೀಸೆಯಿಂದ ತೆಗೆದ ಕಪ್ಪನ್ನು ಬೂದುಬಣ್ಣದಿಂದ ಸೌಮ್ಯಗೊಳಿಸದೆ ಹಚ್ಚತಕ್ಕದ್ದಲ್ಲ. ನೀರಾದರೋ ನಮ್ಮ ಪ್ರಮಾಣಕ್ಕೆ ಬಗ್ಗುವುದೇ ಇಲ್ಲ. ಹನಿಯು ಕಿರುಸೇತುವೆಯ ಮೇಲೂ ತನ್ನ ಗಾತ್ರದಲ್ಲಿಯೇ ಇರುತ್ತದೆ, ಒಣಗುವಾಗ ಅಂಚಿನಲ್ಲಿ ಉಂಗುರದಂತಹ ಕಲೆಯನ್ನು ಬಿಡುತ್ತದೆ. ತೆಳುಬಣ್ಣದ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿಯನ್ನು ಬೆರೆಸಿದರೆ ಅದರ ಬಿಗಿ ಸಡಿಲಿ, ಬಣ್ಣವು ತಾನಾಗಿಯೇ ಸಂದುಗಳನ್ನು ಅರಸಿಕೊಂಡು ಹರಿಯುತ್ತದೆ.

ಉಳಿದ ಸಾಮಗ್ರಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸಿನ ಎರಕ, ಕಲ್ಲಿನ ಗೆರೆ ಕೊರೆಯಲು ದಬ್ಬಳ, ಶಾಲೆಯ ಮಕ್ಕಳಿಗೆ ದೊರೆಯುವ ಅಕ್ರಿಲಿಕ್ ಬಣ್ಣಗಳು, ಹರಿದ ಸ್ಪಂಜು, ಹೊಳಪಿಲ್ಲದ ವಾರ್ನಿಷು, ಇಷ್ಟೇ. ಮೊದಲು ಕಲ್ಲುಕಲ್ಲಿಗೂ ಅಲ್ಪಸ್ವಲ್ಪ ಭೇದವಿರುವಂತೆ ತಳಬಣ್ಣ, ಅನಂತರ ಸಂದಿಗೆ ಇಳಿಯುವ ತೆಳುಬಣ್ಣ, ಆಮೇಲೆ ಸ್ಪಂಜಿನಿಂದ ಕಲ್ಲುಹೂವು, ಆ ಬಳಿಕ ಸುಣ್ಣದ ಸೋರಿಕೆ, ಕಡೆಗೆ ಮಣ್ಣಿನ ಪುಡಿ.

ಮಾದರಿ ರೈಲುಗಳಿಂದ ಹೊಸ ಆಟಿಕೆಯ ಹೊಳಪನ್ನು ಅಳಿಸಿ ಕಾಲದ ಮುದ್ರೆಯನ್ನು ಒತ್ತುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಅಗ್ರಗಣ್ಯನಾದವನು, ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಬಾಳಿ 1973ರಲ್ಲಿ ತೀರಿಕೊಂಡ ಜಾನ್ ಆಲೆನ್. ಆತನು ನಿರ್ಮಿಸಿದ ಕಲ್ಪಿತ ರೈಲುದಾರಿಯು, ಆತನು ಮಡಿದ ಕೆಲವೇ ದಿನಗಳಲ್ಲಿ ಬೆಂಕಿಗೆ ಆಹುತಿಯಾಗಿ, ಇಂದು ಬಹುಮಟ್ಟಿಗೆ ಛಾಯಾಚಿತ್ರಗಳಲ್ಲಿ ಮಾತ್ರ ಉಳಿದಿದೆ. ಆ ಚಿತ್ರಗಳನ್ನು ನೋಡಿ ಕಲಿಯತಕ್ಕದ್ದು ಬಹಳವಿದೆ. ಆದರೆ ಅಲ್ಲಿನ ಧೂಳು ತುಕ್ಕುಗಳನ್ನು ನಕಲು ಮಾಡುವುದಕ್ಕಿಂತ, ಶೃಂಗೇರಿಯಲ್ಲಿ 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಸುತ್ತ ಒಂದು ಪ್ರದಕ್ಷಿಣೆ ಬಂದು, ಹೊರಚಾಚಿದ ಕಲ್ಲಿನ ಅಡಿಯಲ್ಲಿ ನೀರು ಎಲ್ಲಿ ಹನಿಯುತ್ತದೆ, ಹನಿಯು ಬಿದ್ದಲ್ಲಿ ಕೆಳಗಿನ ಜಗತಿ ಹೇಗೆ ಬಣ್ಣ ಬದಲಿಸುತ್ತದೆ ಎಂಬುದನ್ನು ಗಮನಿಸುವವನು ನಮ್ಮ ಸೇತುವೆಗೆ ಬೇಕಾದ ಪಾಠವನ್ನು ಹೆಚ್ಚು ಚೆನ್ನಾಗಿ ಕಲಿತಾನು.

ಕೊನೆಯದಾಗಿ ಒಂದು ವಿವೇಚನೆ. ರೈಲು ಓಡುತ್ತಿರುವ ಸೇತುವೆಯು ಪಾಳುಬಿದ್ದ ಸೇತುವೆಯಲ್ಲ. ಗ್ಯಾಂಗ್‌ಮನ್ನರು ಪ್ರತಿ ಮಳೆಗಾಲಕ್ಕೂ ಮುಂಚೆ ಗಂಡಿಗಳನ್ನು ಬಿಡಿಸುತ್ತಾರೆ, ಸಂದಿನಲ್ಲಿ ಬೇರುಬಿಟ್ಟ ಅರಳಿಯ ಸಸಿಗಳನ್ನು ಸವರುತ್ತಾರೆ, ಕಳಚಿದ ಕಡೆ ಗಾರೆ ತುಂಬುತ್ತಾರೆ. ಹಳಮೆಯನ್ನು ತೋರಿಸುವ ಉತ್ಸಾಹದಲ್ಲಿ ಇವರ ಶ್ರಮವನ್ನು ಅಳಿಸಿಬಿಡುವುದು ನ್ಯಾಯವಲ್ಲ. ಆದುದರಿಂದ ಕೈಗೋಡೆಯ ಬಳಿ ಅರಳಿಯ ಒಂದು ಸವರಿದ ಮೋಟು ಇರಲಿ. ಎರಡನೆಯ ಕಂಬದ ಮೇಲ್ಭಾಗದಲ್ಲಿ ಆರೇಳು ಕಲ್ಲುಗಳ ಸಂದಿಗೆ ತುಂಬಿದ ಹೊಸ ಗಾರೆಯ ತೇಪೆ ಇರಲಿ. ಆ ತೇಪೆಯನ್ನು ಎಲ್ಲ ಬಣ್ಣಗಳೂ ಒಣಗಿದ ಬಳಿಕ ಬರೆಯತಕ್ಕದ್ದು, ಅದರ ಮೇಲೆ ಹಸಿರಿನ ಸೋಂಕೂ ತಾಗಬಾರದು. ಹೊಸ ಗಾರೆಯ ಕ್ಷಾರವು ಇಳಿಯುವವರೆಗೆ ಹಾವಸೆ ಅಲ್ಲಿಗೆ ಬರುವುದಿಲ್ಲ.