ಮಾರಾಟಕ್ಕಿರುವ ಮನೆ ಮತ್ತು ಅಚ್ಚುಕಟ್ಟಿನ ರಾಜಕಾರಣ

ದಲಿತ ವಿಮರ್ಶೆ ಎಂದಕೂಡಲೇ ನಮ್ಮಲ್ಲಿ ಕತೆ, ಕವಿತೆ, ಆತ್ಮಕತೆಗಳ ಮಾತು ಶುರುವಾಗುತ್ತದೆ. ನಾನು ಇಲ್ಲಿ ಓದಲು ಎತ್ತಿಕೊಂಡಿರುವ ಪಠ್ಯ ಯಾವ ಪುಸ್ತಕದಲ್ಲೂ ಇಲ್ಲ. ಮನೆ ಮಾರುವವರು ಜಾಹೀರಾತಿನ ಜೊತೆ ಹಾಕುವ ಫೋಟೋಗಳೇ ನನ್ನ ಪಠ್ಯ. ಅದರಲ್ಲೂ ಅಚ್ಚುಕಟ್ಟಿಲ್ಲದ, ಸಾಮಾನು ಹರಡಿಕೊಂಡ ಮನೆಗಳ ಫೋಟೋಗಳು. 'ಇದೂ ಒಂದು ವಿಮರ್ಶೆಯೇನ್ರೀ?' ಎಂದು ಕೇಳುವವರು ಇದ್ದೇ ಇರ್ತಾರೆ. ಯಾವುದು ಓದಲು ಯೋಗ್ಯ, ಯಾವುದು ಅಲ್ಲ ಎಂದು ತೀರ್ಮಾನಿಸುವ ಹಕ್ಕು ಯಾರದು ಎಂಬ ಪ್ರಶ್ನೆಯಿಂದಲೇ ನಮ್ಮ ವಿಮರ್ಶೆ ಹುಟ್ಟಿದೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದಾಗ ಎದ್ದ ಗದ್ದಲವನ್ನು ನೆನಪಿಸಿಕೊಳ್ಳಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಮಂತ್ರಿಯಾಗಿ ನಿಷೇಧಿಸಿದವರೂ ಅವರೇ. ಕೊಳೆಯನ್ನು ಯಾರು ಹೊರಬೇಕು ಎಂದು ಕೇಳಿದ ಮನುಷ್ಯನೇ ಸಾಹಿತ್ಯದೊಳಗೆ ಏನಿದೆ ಎಂದೂ ಕೇಳಿದ್ದು ಆಕಸ್ಮಿಕವಲ್ಲ. ಎರಡೂ ಒಂದೇ ಪ್ರಶ್ನೆ.

*

ನಾಗರಬಾವಿಯನ್ನೇ ತೆಗೆದುಕೊಳ್ಳೋಣ. ಜ್ಞಾನಭಾರತಿ, ರಾಷ್ಟ್ರೀಯ ಕಾನೂನು ಶಾಲೆ, ವಿ.ಕೆ.ಆರ್.ವಿ. ರಾವ್ ಕಟ್ಟಿದ ಐಸೆಕ್ ಎಲ್ಲವೂ ಸುತ್ತಮುತ್ತಲೇ ಇರುವ ಬಡಾವಣೆ. ಸಂವಿಧಾನ ಕಲಿಸುವವರೂ ಅಸಮಾನತೆ ಅಳೆಯುವವರೂ ಒಂದೇ ಬೀದಿಯಲ್ಲಿ ತರಕಾರಿ ಕೊಳ್ಳುವ ಜಾಗ. ಸುತ್ತಲಿನ ಹಳ್ಳಿಗಳ ಜಮೀನನ್ನು ಬಿಡಿಎ ಸ್ವಾಧೀನ ಮಾಡಿಕೊಂಡು ಸೈಟು ಹಂಚಿದಾಗ, ಹಂಚಿಕೆಯಲ್ಲಿ ಪರಿಶಿಷ್ಟರಿಗೂ ಮೀಸಲಾತಿ ಇದ್ದುದರಿಂದ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದ ಕೆಲವರಿಗಾದರೂ ಇಲ್ಲಿ ಬೀದಿಯ ನಡುವೆ ಒಂದು 30-40 ಸೈಟು ಸಿಕ್ಕಿತು. ಆಗ ಕಟ್ಟಿದ ಮನೆಗಳು ಈಗ ಹಳೆಯವಾಗಿವೆ. ಕಟ್ಟಿದವರು ನಿವೃತ್ತರಾಗಿದ್ದಾರೆ, ಮಕ್ಕಳು ಬೇರೆ ಕಡೆ ಹೋಗಿದ್ದಾರೆ. ಮನೆಗಳು ಮಾರಾಟಕ್ಕೆ ಬರುತ್ತಿವೆ.

ಈ ಜಾಹೀರಾತುಗಳಲ್ಲಿ ಎರಡು ಬಗೆಯ ಫೋಟೋಗಳಿವೆ. ಒಂದು, ಬಿಲ್ಡರ್‌ಗಳು ಕ್ಯಾಮರಾದವನನ್ನು ಕರೆಸಿ ತೆಗೆಸಿದ್ದು. ಖಾಲಿ ಹಾಲು, ಹೊಳೆಯುವ ನೆಲ, ಒಂದು ಹೂದಾನಿ. ಅಲ್ಲಿ ಯಾರೂ ಊಟ ಮಾಡುವುದಿಲ್ಲ, ಯಾರಿಗೂ ಕಾಯಿಲೆಯಾಗುವುದಿಲ್ಲ. ಇನ್ನೊಂದು, ಮನೆಯವರೋ ಬ್ರೋಕರೋ ಮೊಬೈಲಿನಲ್ಲಿ ಹೊಡೆದದ್ದು. ಹಾಲಿನಲ್ಲಿ ಅಡ್ಡಡ್ಡ ಕಟ್ಟಿದ ಹಗ್ಗ, ಅದರ ಮೇಲೆ ಒಣಗದ ಬಟ್ಟೆ. ಮಂಚದ ಮೇಲೆ ಮಡಿಸದ ರಗ್ಗು. ಸಿಂಕಿನ ತುಂಬ ಮುಸುರೆ ಪಾತ್ರೆ. ನೀರು ಬರದ ದಿನಕ್ಕೆಂದು ತುಂಬಿಟ್ಟ ನೀಲಿ ಡ್ರಮ್ಮು. ಬೀರುವಿನ ಮೇಲೆ ಸೂಟ್‌ಕೇಸು, ಅದರ ಮೇಲೆ ಹಳೇ ಮಿಕ್ಸಿ ಡಬ್ಬ. ಬಚ್ಚಲಿನ ಕನ್ನಡಿಯಲ್ಲಿ ಫೋಟೋ ತೆಗೆಯುತ್ತಿರುವವನೇ ಬನಿಯನ್ನಿನಲ್ಲಿ ಕಾಣಿಸುತ್ತಾನೆ. ಕೆಳಗೆ ಮಾತ್ರ 'ಎ ಖಾತಾ, ಈಸ್ಟ್ ಫೇಸಿಂಗ್, ವಾಸ್ತು ಪ್ರಕಾರ, ಪೂಜಾ ರೂಮ್ ಇದೆ' ಎಂಬ ಗಂಭೀರ ಒಕ್ಕಣೆ.

ಇವನ್ನು ನೋಡಿ ಜನ ನಗುತ್ತಾರೆ. 'ಕೋಟಿಗಟ್ಟಲೆ ಕೇಳ್ತಾರೆ, ಒಂದ್ ಪಾತ್ರೆ ತೊಳೆಯೋಕೆ ಆಗಲ್ವಾ?' ಅಂತಾರೆ. ನನ್ನ ಆಸಕ್ತಿ ಇರುವುದು ಆ ನಗುವಿನಲ್ಲಿ. ಅದು ಬಹಳ ಹಗುರವಾದ, ಪ್ರೀತಿಯ ನಗು. ಸೋಮಾರಿ, ಬ್ಯಾಚುಲರ್ ಇರಬೇಕು, ಕೆಲಸದವಳು ಬಂದಿರಲಿಕ್ಕಿಲ್ಲ ಎಂದು ಏನಾದರೂ ಒಂದು ಕಾರಣ ಹುಡುಕಿಕೊಡುತ್ತದೆ. ಆ ಗಲೀಜು ಒಬ್ಬ ಮನುಷ್ಯನ ಒಂದು ದಿನದ ಗಲೀಜಾಗಿ ಉಳಿಯುತ್ತದೆ. ಅವನ ಜಾತಿಯ ಗಲೀಜಾಗುವುದಿಲ್ಲ.

ಒಂದು ಫೋಟೋ ನನ್ನನ್ನು ಬಹಳ ಕಾಡಿದೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯದು. ಅಂಚಿನಲ್ಲಿ ಬಗ್ಗಿ ನೆಲ ಒರೆಸುತ್ತಿರುವ ಹೆಂಗಸಿನ ಬೆನ್ನು, ಒಂದು ಕೈ, ಕೈಯಲ್ಲಿ ಬಟ್ಟೆ. ಮುಖ ಫೋಟೋದ ಹೊರಗೆ. ಸಂಪು, ಬೋರ್‌ವೆಲ್ಲು, ಕಾರ್ ಪಾರ್ಕಿಂಗು ಎಂದು ಎಲ್ಲವನ್ನೂ ಪಟ್ಟಿ ಮಾಡಿದವರು ಆಕೆಯನ್ನು ಪಟ್ಟಿಗೆ ಸೇರಿಸಿರಲಿಲ್ಲ. ಬಿಲ್ಡರ್ ತೆಗೆಸಿದ ಫೋಟೋದಲ್ಲಾಗಿದ್ದರೆ ಆಕೆ ಇಷ್ಟೂ ಇರುತ್ತಿರಲಿಲ್ಲ. ಅಚ್ಚುಕಟ್ಟು ಎಂದು ನಾವು ಕರೆಯುವುದು ಬಹುಮಟ್ಟಿಗೆ ಇದನ್ನೇ: ಕೆಲಸ ನಡೆದಿರಬೇಕು, ಕೆಲಸ ಮಾಡಿದವರು ಕಾಣಬಾರದು. ಬೀದಿಗೂ ಇದೇ ನಿಯಮ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಅವರ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ ವರದಿ ಕೊಟ್ಟಿತ್ತು. ಕೆಲಸ ಕಾಯಂ ಮಾಡಿ ಎಂದು ಕೇಳಲು ಅವರು 2022ರ ಜುಲೈನಲ್ಲೂ ಪೊರಕೆ ಕೆಳಗಿಟ್ಟು ಮುಷ್ಕರ ಕೂರಬೇಕಾಯಿತು. ಅವರು ಊರಿಗೆ ಕಂಡದ್ದು ಕಸ ಹಾಗೇ ಬಿದ್ದಿದ್ದ ಆ ದಿನಗಳಲ್ಲಿ ಮಾತ್ರ.

*

ಈಗ ಇನ್ನೊಂದು ಬಗೆಯ ಮನೆಯ ಕಡೆ ತಿರುಗೋಣ. ಅಲ್ಲಿ ಅಚ್ಚುಕಟ್ಟಿಲ್ಲದಿರುವುದು ನಗುವಿನ ವಿಷಯವಲ್ಲ, ಕಾನೂನಿನ ವಿಷಯ. ಕರ್ನಾಟಕದ ಕೊಳಚೆ ಪ್ರದೇಶಗಳ ಕಾಯಿದೆ 1973ರದು. ಒಂದು ಪ್ರದೇಶವನ್ನು ಕೊಳಚೆ ಎಂದು ಘೋಷಿಸಲು ಅದು ಕೊಡುವ ಕಾರಣಗಳನ್ನು ನೋಡಿ: ತಗ್ಗು ಜಾಗ, ಅನೈರ್ಮಲ್ಯ, ಗಲೀಜು, ಇಕ್ಕಟ್ಟು. ಘೋಷಣೆಯಾದರೆ ನಲ್ಲಿ, ಹಕ್ಕುಪತ್ರ ಎಂದು ಒಂದಿಷ್ಟು ಸಿಗಬಹುದು ನಿಜ. ಆದರೆ ಹೆಸರಿಗೆ ಅಂಟಿದ ಕೊಳಚೆ ಹಕ್ಕುಪತ್ರದಿಂದ ಹೋಗುವುದಿಲ್ಲ. ನಾಗರಬಾವಿಯ ಸಿಂಕಿನಲ್ಲಿ ಮುಸುರೆಯಾಗಿದ್ದದ್ದು ಇಲ್ಲಿಗೆ ಬರುವಾಗ ಕೊಳಚೆಯಾಗುತ್ತದೆ.

ಇಂಥ ಮನೆಗಳ ಫೋಟೋಗಳೂ ಇವೆ. ನ್ಯೂಯಾರ್ಕಿನ ಬಡವರ ಇಕ್ಕಟ್ಟು ಕೋಣೆಗಳನ್ನು ಜೇಕಬ್ ರೀಸ್ 1890ರಲ್ಲೇ ಪುಸ್ತಕ ಮಾಡಿ ಲೋಕಕ್ಕೆ ತೋರಿಸಿದ. ಸುಧಾರಣೆಯ ಉದ್ದೇಶದಿಂದಲೇ ತೋರಿಸಿದ. ಆದರೂ ಕತ್ತಲ ಕೋಣೆಯಲ್ಲಿ ಸುಟ್ಟ ಆ ಬೆಳಕಿಗೆ ಬೆಚ್ಚಿದ ಮುಖಗಳು 'ಒಳಗೆ ಬರಲೇ?' ಎಂದು ಯಾರೂ ಕೇಳದ ಮನೆಯವರ ಮುಖಗಳು. ನಮ್ಮಲ್ಲಿ 2013ರ ಜನವರಿಯಲ್ಲಿ ಈಜಿಪುರದ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು ಒಕ್ಕಲೆಬ್ಬಿಸಿದಾಗ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನೆನೆಯಿರಿ. ರಸ್ತೆಯ ಮೇಲೆ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ. ಮಾರುವವನ ಮನೆಯ ಫೋಟೋಗೂ ಕಳಕೊಂಡವಳ ಮನೆಯ ಫೋಟೋಗೂ ಸಾಮಾನುಗಳಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಅದೇ ಕುಕ್ಕರು, ಅದೇ ರಗ್ಗು. ವ್ಯತ್ಯಾಸವಿರುವುದು ಕ್ಯಾಮರಾ ಯಾರ ಕೈಯಲ್ಲಿದೆ ಎಂಬುದರಲ್ಲಿ.

ಕೇರಿಯ ಒಂದೇ ಕೋಣೆಯ ಮನೆ ಗಲೀಜು ಎನ್ನುವುದೇ ಮೊದಲನೆಯ ಸುಳ್ಳು. ಒಂದೇ ಕೋಣೆಯಲ್ಲಿ ಆರು ಜನ ಬದುಕಬೇಕಾದರೆ ಅಲ್ಲಿರುವಷ್ಟು ಕಟ್ಟುನಿಟ್ಟು ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಇರಲಾರದು. ಬೆಳಿಗ್ಗೆ ಚಾಪೆ ಸುತ್ತಿಡದಿದ್ದರೆ ಒಲೆ ಹಚ್ಚಲು ಜಾಗವಿಲ್ಲ. ರಾತ್ರಿ ಪಾತ್ರೆ ಎತ್ತದಿದ್ದರೆ ಮಲಗಲು ಜಾಗವಿಲ್ಲ. ಗಡಿಗೆಯ ಮೇಲೆ ಗಡಿಗೆ, ಸೂರಿನಿಂದ ಇಳಿಬಿದ್ದ ನೆಲುವು, ಗೋಡೆಯ ಗೂಡಿನಲ್ಲಿ ದೀಪ, ಸಗಣಿ ಸಾರಿಸಿದ ನೆಲ. ಪ್ರತಿ ವಸ್ತುವಿಗೂ ಒಂದು ಜಾಗ, ಒಂದು ಹೊತ್ತು. ಹರಡಿಕೊಂಡು ಬದುಕಲು ಮೊದಲು ಹರವು ಬೇಕು. ಹಾಗೆ ನೋಡಿದರೆ ಅಸ್ತವ್ಯಸ್ತತೆಯೂ ಒಂದು ಆಸ್ತಿ.

*

ಆಸ್ತಿ ಬಂದ ಮೇಲೂ ಆ ಆಸ್ತಿ ಮಾತ್ರ ಬರುವುದಿಲ್ಲ ಎನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ನಾಗರಬಾವಿಯಲ್ಲಿ ಮನೆ ಕಟ್ಟಿಕೊಂಡಿದ್ದ ನಮ್ಮವರೇ ಆದ ಹಿರಿಯರೊಬ್ಬರು ಅದನ್ನು ಮಾರಲು ಹೊರಟರು. ಸರ್ಕಾರಿ ನೌಕರಿಯಿಂದ ನಿವೃತ್ತರು. ಫೋಟೋ ತೆಗೆಯಲು ಬ್ರೋಕರ್ ಬಂದಾಗ ನಾನೂ ಅಲ್ಲೇ ಕೂತಿದ್ದೆ. ಆತ ಒಂದು ಸುತ್ತು ನೋಡಿ, 'ಮನೆ ಕನ್ನಡಿ ಇದ್ದಂಗೈತೆ ಸಾರ್' ಎಂದ. ಆಮೇಲೆ ದನಿ ತಗ್ಗಿಸಿ, 'ಹಾಲಲ್ಲಿರೋ ಆ ಫೋಟೋ ಒಂದು ತೆಗೆದುಬಿಡಿ' ಎಂದ.

'ಯಾವುದಯ್ಯಾ?'

'ಅದೇ ಸಾರ್, ಅಂಬೇಡ್ಕರ್‌ದು. ನಂಗೇನಿಲ್ಲ. ಪಾರ್ಟಿ ಒಂಥರಾ ನೋಡ್ತಾರೆ.'

ಹಿರಿಯರು ತೆಗೆಯಲಿಲ್ಲ. ಬ್ರೋಕರೇ ಆ ಗೋಡೆ ಬರದ ಹಾಗೆ ಮೂಲೆಯಲ್ಲಿ ನಿಂತು ಫೋಟೋ ಹೊಡೆದುಕೊಂಡು ಹೋದ. ಅದೇ ಬೀದಿಯ ಇನ್ನೊಂದು ಮನೆಯನ್ನೂ ಅವನೇ ಮಾರಿಸಿದ್ದ. ಅದರ ಫೋಟೋದಲ್ಲಿ ಸೋಫಾ ತುಂಬ ಬಟ್ಟೆಯ ರಾಶಿಯಿತ್ತು, ಗೋಡೆಯಲ್ಲಿ ದೇವರುಗಳ ಸಾಲಿತ್ತು. ಬಟ್ಟೆಯನ್ನಾಗಲಿ ದೇವರನ್ನಾಗಲಿ ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ.

ಅವನು ಹೋದ ಮೇಲೆ ಮನೆಯ ತಾಯಿ ಕಾಫಿ ತಂದುಕೊಟ್ಟು ಹೇಳಿದರು: 'ಈ ಮನೇಗೆ ಬಂದಾಗಿಂದ ಒಂದು ರಾತ್ರಿ ಮುಸುರೆ ಉಳಿಸಿಲ್ಲ ಕಣಪ್ಪಾ. ಜ್ವರ ಬಂದಾಗ್ಲೂ ಎದ್ದು ತೊಳೆದೀನಿ. ಯಾರಾದ್ರೂ ಬಂದು, ನೋಡು ಇವರ ಮನೆ ಹೆಂಗೈತೆ ಅಂದುಬಿಟ್ರೆ ಅಂತ.'

ಈ ಮಾತಿಗೆ ಯಾವ ಸಿದ್ಧಾಂತದ ಆಸರೆಯೂ ಬೇಕಿಲ್ಲ. ಆಕೆಯ ಮನೆ ಇಷ್ಟೂ ವರ್ಷ ಫೋಟೋಗೆ ತಯಾರಾಗಿಯೇ ಇತ್ತು. ಯಾವ ಹೊತ್ತಿನಲ್ಲಾದರೂ ಬಾಗಿಲು ತಟ್ಟಬಹುದಾದ ಒಬ್ಬ ಪರೀಕ್ಷಕನಿಗಾಗಿ ಆಕೆ ನೆಲ ಒರೆಸಿದ್ದರು. ನಾವು ಮಧ್ಯಮವರ್ಗಕ್ಕೆ ಏರಿದೆವು ಎಂದು ಹೇಳಿಕೊಳ್ಳುವಾಗ ಈ ಒರೆಸುವಿಕೆಯ ಲೆಕ್ಕವನ್ನು ಯಾರು ಇಡುತ್ತಾರೆ? ಆ ಪರೀಕ್ಷಕನೇನೂ ಭ್ರಮೆಯಲ್ಲ. ಬರೋಡಾದಲ್ಲಿ ಹೆಸರು ಮರೆಸಿ ಛತ್ರದಲ್ಲಿ ತಂಗಿದ್ದ ಅಂಬೇಡ್ಕರರನ್ನು 1917ರಲ್ಲಿ ದೊಣ್ಣೆ ಹಿಡಿದು ಹೊರಹಾಕಿದರು. ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಡುವ ಗೃಹನಿರ್ಮಾಣ ಸಂಘದ ಬೈಲಾ ಸರಿಯೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಬೆಂಗಳೂರಿನ ಐಐಎಂನಿಂದ 2018ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ನಮ್ಮ ಮಹಾನಗರಗಳನ್ನು ವಾರ್ಡಿನ ಲೆಕ್ಕದಲ್ಲಿ ನೋಡಿದಾಗ ಮರೆಯಾಗುವ ಜಾತಿಯ ಬೇಲಿ, ಅದಕ್ಕಿಂತ ಸಣ್ಣ ನೆರೆಹೊರೆಯ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ದೊಣ್ಣೆ ಹೋಗಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಬಂದಿದೆ, ಅಷ್ಟೆ.

*

ಇಲ್ಲಿಂದ ಸಾಹಿತ್ಯ ವಿಮರ್ಶೆಗೆ ದೂರವೇನಿಲ್ಲ. ಕೃತಿಯಲ್ಲಿ ಅನಗತ್ಯವಾದದ್ದೇನೂ ಇರಬಾರದು, ಬಂಧ ಬಿಗಿಯಾಗಿರಬೇಕು, ಭಾವ ಹರಡಿಕೊಳ್ಳಬಾರದು ಎಂದು ನವ್ಯ ವಿಮರ್ಶೆ ನಮಗೆ ಕಲಿಸಿತು. ಆ ಶಿಸ್ತಿನಿಂದ ಒಳ್ಳೆಯದೂ ಆಗಿದೆ, ಅಲ್ಲಗಳೆಯುವುದಿಲ್ಲ. ಆದರೆ ದಲಿತ ಬರಹ ಬಂದಾಗ 'ಅನುಭವ ಇದೆ, ಕಲೆ ಇಲ್ಲ', 'ಒರಟು', 'ಹರಡಿಕೊಂಡಿದೆ' ಎಂದ ಕಣ್ಣಿಗೂ, ಗೋಡೆ ಬರದ ಹಾಗೆ ಮೂಲೆ ಹುಡುಕಿದ ಬ್ರೋಕರನ ಕಣ್ಣಿಗೂ ನೆಂಟಸ್ತನ ಇದೆ. ಎರಡೂ ಕೊಳ್ಳುವವರ ಪರವಾಗಿ ಮನೆ ನೋಡುವ ಕಣ್ಣುಗಳೇ.

ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಸಾಕವ್ವನ ಮನೆಗೆ ಹೊರಗಿನಿಂದ ಬರುವ ಕಣ್ಣು ಪೊಲೀಸರದು. ಕದ್ದ ಕಡಲೆಕಾಯಿ ಹುಡುಕಲು ಅವರು ಬರುತ್ತಾರೆ. ಹಿಂದಿನ ರಾತ್ರಿಯೇ ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ಅದನ್ನು ತಿಂದು ಮುಗಿಸಿದ್ದಾರೆ. ಮಾಲಿಗಾಗಿ ಮನೆ ಜಾಲಾಡುವವರಿಗೆ ಆ ರಾತ್ರಿಯ ಬಿಸುಪು ಕಾಣುವುದಿಲ್ಲ. ಆ ಮನೆಯ ಗೋಡೆಯ ಮೇಲೆ ಬರೆದ ನವಿಲೊಂದಿದೆ. ಮಾರಾಟಕ್ಕೆ ಫೋಟೋ ತೆಗೆಯುವವರು ಮೊದಲು ಸುಣ್ಣ ಹೊಡೆಸುವುದು ಆ ನವಿಲಿಗೇ. ಸಿದ್ಧಲಿಂಗಯ್ಯನವರು ಆತ್ಮಕತೆಗೆ 'ಊರುಕೇರಿ' ಎಂದು ಹೆಸರಿಟ್ಟಾಗ, ಜಾಹೀರಾತಿನವರು ಇಂದು 'ಲೊಕೇಶನ್' ಎನ್ನುವ ಮಾತಿನ ಒಳಗುಟ್ಟನ್ನು ಒಂದೇ ಪದದಲ್ಲಿ ಬಿಚ್ಚಿಟ್ಟಿದ್ದರು.

ಹಾಗಾದರೆ ಗಲೀಜನ್ನು ಕೊಂಡಾಡಬೇಕೇ? ಖಂಡಿತ ಬೇಡ. ಶತಮಾನಗಳಿಂದ ಇನ್ನೊಬ್ಬರ ಗಲೀಜು ಬಳಿದವರಿಗೆ ಗಲೀಜಿನ ಮೋಹ ಹೇಳಿಕೊಡುವುದು ಹೊಟ್ಟೆ ತುಂಬಿದವರ ಆಟ. ನೀರು, ಗಾಳಿ, ಚರಂಡಿ, ಇನ್ನೊಂದು ಕೋಣೆ ನಮ್ಮ ಹಕ್ಕು. ನಾನು ಕೇಳುತ್ತಿರುವುದು ಬೇರೆ. ಸಿಂಕಿನಲ್ಲಿ ಮುಸುರೆ ಬಿಟ್ಟು ಮಲಗಿದ ರಾತ್ರಿ, ಆ ಮುಸುರೆ ಬರೀ ಮುಸುರೆಯಾಗಿರಬೇಕು. ಅದು ಒಂದು ಕುಲದ ಮೇಲಿನ ಸಾಕ್ಷಿಯಾಗಬಾರದು. ಈ ಸಣ್ಣ ಸ್ವಾತಂತ್ರ್ಯ ನಾಗರಬಾವಿಯ ಒಂದು ಮನೆಗಿದ್ದು ಅದೇ ಬೀದಿಯ ಇನ್ನೊಂದು ಮನೆಗೆ ಇಲ್ಲ. ಅಲ್ಲಿಯವರೆಗೂ ಮನೆ ಫೋಟೋಗಳನ್ನು ನೋಡುವಾಗ, ಏನು ಹರಡಿಕೊಂಡಿದೆ ಎನ್ನುವುದಕ್ಕಿಂತ ಯಾವ ಗೋಡೆಯನ್ನು ಬಿಟ್ಟು ತೆಗೆದಿದ್ದಾರೆ ಎಂದು ಮೊದಲು ಕೇಳುವುದು ನಮ್ಮ ವಿಮರ್ಶೆಯ ಕೆಲಸ.