ಕಸದಿಂದ ವಿದ್ಯುತ್: ಮರೆತ ನೀರು, ಮರೆತ ಬೂದಿ

1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದ ಸ್ಥಾವರವೊಂದನ್ನು ಸ್ಥಾಪಿಸಲಾಯಿತು. ದಿನಕ್ಕೆ 300 ಟನ್ ಕಸ ಉರಿಸಿ 3.75 ಮೆಗಾವಾಟ್ ವಿದ್ಯುತ್ ಪಡೆಯುವ ಯೋಜನೆ; ಕೆಲವೇ ವಾರ ನಡೆದು ನಿಂತಿತು. ದೂರು ಬಂದದ್ದು ಕಸದ ಗುಣಮಟ್ಟದ ಮೇಲೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲೊರಿ ಬೇಕು. ಅರ್ಧ ಭಾಗ ನೀರೇ ಇರುವ ಅಡುಗೆಮನೆ ಕಸ ತನ್ನ ಉಷ್ಣದ ಗಣನೀಯ ಪಾಲನ್ನು ಒಣಗುವುದಕ್ಕೇ ಕಳೆಯುತ್ತದೆ. ಇದು ವಿನ್ಯಾಸಕ್ಕೆ ಮೊದಲೇ ತಿಳಿಯಬೇಕಾದ ಲೆಕ್ಕ!

ಹೊಗೆಯ ವಿಷಯದಲ್ಲೂ ಅರೆಸತ್ಯವೇ ಪ್ರಚಾರದಲ್ಲಿದೆ. 850 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪದಲ್ಲಿ ಡಯಾಕ್ಸಿನ್ ನಾಶವಾಗುತ್ತದೆ, ನಿಜ. ಆದರೆ ಅನಿಲ ತಣಿಯುವಾಗ, 200ರಿಂದ 450 ಡಿಗ್ರಿಗಳ ನಡುವೆ, ಹಾರುಬೂದಿಯ ಇಂಗಾಲ ಮತ್ತು ಕ್ಲೋರಿನ್‌ಗಳಿಂದ ಅದು ಮತ್ತೆ ಹುಟ್ಟುತ್ತದೆ. ತಾಮ್ರ ಅಲ್ಲಿ ಕ್ರಿಯಾವರ್ಧಕ. ಸೋಸುಚೀಲದಲ್ಲಿ ಹಿಡಿದದ್ದು ಬೂದಿಯಲ್ಲೇ ಉಳಿಯುತ್ತದೆ. ಚಿಮಣಿಯ ಅಂಕಿಗಳನ್ನಷ್ಟೇ ಕೊಡುವ ವರದಿಗಳು ಆ ಬೂದಿಯನ್ನು ಎಲ್ಲಿ ಹೂಳಿದರೆಂದು ಹೇಳುವುದಿಲ್ಲ.